ಭಟ್ಟಿ ಮನೆಯವರಿಗೆ ಬಡಿದ ಬಿಸಿಲು

ಹೋದ ವಾರ ಹರಿಹರಕ್ಕೆ ಹೋಗಿದ್ದೆ. ನನ್ನ ತಂಗಿ ರೇಣುಕಾಳ ಮನೆ ಇರುವುದು ಅಲ್ಲಿ, ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನೆತ್ತಿ ಸುಡತೊಡಗಿತ್ತು. ಅವಳ ಮನೆಯ ಪಡುವಣ ಕಿಟಕಿಗೆ ಯಾರೋ ಗೋಣಿಚೀಲ ನೆನೆಸಿ ಕಟ್ಟಿದ್ದರು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆ ಗೋಣಿಯ ಆ ವಾಸನೆ, ಅದರಲ್ಲಿ ಉಳಿದ ಹಳೇ ಭತ್ತದ ಧೂಳಿನ ಘಾಟು ಮೂಗಿಗೆ ಬಡಿದದ್ದೇ ತಡ, ಹೊಸ್ತಿಲಲ್ಲೇ ನಿಂತುಬಿಟ್ಟೆ. ಕೆಲವರಿಗೆ ಮಲ್ಲಿಗೆ ಹೂವಿನ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಹಣೆಬರಹಕ್ಕೆ ಗೋಣಿಚೀಲ.

"ಯಾಕ ದೊಡ್ಡಮ್ಮ, ಅಲ್ಲೇ ನಿಂತೆ? ಒಳಗ್ ಬಾ, ಬಿಸ್ಲು" ಎಂದಳು ರೇಣುಕಾಳ ಮಗಳು ಸಿಂಚನಾ. ಈಗ ಅವಳಿಗೆ ಹನ್ನೆರಡು ವರ್ಷ. ಗೋಣಿ ಕಟ್ಟಿದ್ದು ಅವಳೇ. ಅವಳು ನನ್ನ ಕೈಯಿಂದ ಚೀಲ ಇಸಿದುಕೊಂಡು, ಕೂರಿಸಿ, ನೀರು ತಂದುಕೊಟ್ಟು, "ನಿಧಾನ ಕುಡಿ, ಗಟಗಟ ಅಂತ ಬ್ಯಾಡ" ಎಂದು ನನಗೇ ಬುದ್ಧಿ ಹೇಳಿದಳು. ನಾನು ತೆಪ್ಪಗೆ ಕುಡಿದೆ. ಆ ಮಾತು ಹೇಳುವ ಹಕ್ಕು ಅವಳಿಗಿದೆ. ಆರು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ ಅವಳು ನನ್ನ ಮನೆಗೆ ಬಂದು ಅದನ್ನು ಗಳಿಸಿಕೊಂಡು ಹೋಗಿದ್ದಾಳೆ.

ನಮ್ಮದು ದಾವಣಗೆರೆಯ ಆನೆಕೊಂಡದ ಕಡೆ ಒಂದು ಮಂಡಕ್ಕಿ ಭಟ್ಟಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಗಿರಣಿಗೆ ಹಾಕಿಸಿ, ಆ ಅಕ್ಕಿಗೆ ಉಪ್ಪುನೀರು ಸೇರಿಸಿ ಕಾದ ಮರಳಿಗೆ ಹಾಕಿದರೆ ಮಂಡಕ್ಕಿ. ಹೇಳುವುದಕ್ಕೆ ಒಂದೇ ಉಸಿರು, ಮಾಡುವುದಕ್ಕೆ ಮೈಯೆಲ್ಲ ಬೆವರು. ಕೊಂಡಜ್ಜಿ ಊರಿನಿಂದ ಸೊಸೆಯಾಗಿ ಬಂದ ಮೊದಲ ವರ್ಷ ನಾನು ಒಲೆಯ ಮುಂದೆ ಎರಡು ಸಲ ತಲೆ ತಿರುಗಿ ಬಿದ್ದಿದ್ದೆ. ನಮ್ಮ ಮಾವ ಕೊಟ್ರಪ್ಪನವರು ಆಗ ನಕ್ಕಿದ್ದರು. "ಕೆರೆ ಊರಿನ ಹುಡುಗಿ, ಇನ್ನೂ ಹಸಿ ಐತೆ. ಎರಡು ಬ್ಯಾಸಿಗಿ ಕಳೀಲಿ, ಬೇಯ್ತದೆ" ಅಂದಿದ್ದರು. ಬೆಂದೆ. ಇಪ್ಪತ್ತು ವರ್ಷದಲ್ಲಿ ಎಷ್ಟು ಬೆಂದೆನೆಂದರೆ, ಕೊಡೆ ಹಿಡಿದು ಓಡಾಡುವವರನ್ನು ಕಂಡರೆ ನನಗೂ ನಗು ಬರುವಷ್ಟು.

ಮಾವನದು ಒಂದೇ ಮಾತು. "ನಾವು ಭಟ್ಟಿ ಮಂದಿ. ಬೆಂಕಿ ಮುಂದೆ ಕುಂತು ಉಂಡೋರಿಗೆ ಬಿಸ್ಲು ಏನ್ ಮಾಡ್ತೈತೆ? ಬೆಣ್ಣಿ ಮುದ್ದೆ ಏನು, ಕರಗಾಕೆ?" ಏಪ್ರಿಲ್ ಮಧ್ಯಾಹ್ನದಲ್ಲಿ ಬರಿಗಾಲಲ್ಲಿ ಸಿಮೆಂಟಿನ ಕಣದ ಮೇಲೆ ನಡೆದು ಭತ್ತ ಕೈಯಾಡಿಸಿ ಬರುತ್ತಿದ್ದರು. ಯಾರಾದರೂ ನೋಡುತ್ತಿದ್ದರೆ ಇನ್ನೂ ಸ್ವಲ್ಪ ನಿಧಾನವಾಗಿ ನಡೆಯುತ್ತಿದ್ದರು. ನಮ್ಮ ಮನೆಯಲ್ಲಿ ಬೆಂಕಿಗೆ ಹೆದರುತ್ತಿದ್ದೆವು. ಮರಳು ಸಿಡಿದರೆ, ಸೆರಗಿಗೆ ಕಿಡಿ ತಾಗಿದರೆ ಎಂದು ಸದಾ ಕಣ್ಣಿಟ್ಟಿರುತ್ತಿದ್ದೆವು. ಬಿಸಿಲಿಗೆ ಹೆದರುವುದು ಯಾರಿಗೂ ಗೊತ್ತೇ ಇರಲಿಲ್ಲ. ಬಿಸಿಲಿದ್ದರೆ ಭತ್ತ ಬೇಗ ಒಣಗುತ್ತದಲ್ಲ, ಅದು ನಮ್ಮ ಪಾಲಿಗೆ ಕೂಲಿ ಕೇಳದ ಆಳು.

ಆ ವರ್ಷ ಯುಗಾದಿ ಕಳೆದದ್ದೇ ರೇಣುಗೆ ಎರಡನೆಯ ಹೆರಿಗೆಯ ದಿನ ಹತ್ತಿರ ಬಂತು. ನಮ್ಮವ್ವ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಅವ್ವ ಹೋದ ಮೇಲೆ ರೇಣುಗೆ ತವರು ಅಂದರೆ ನಮ್ಮ ಭಟ್ಟಿ ಮನೆಯೇ. ನ್ಯಾಯವಾಗಿ ಬಾಣಂತನ ನಾನು ಮಾಡಬೇಕು. ಆದರೆ ಬೇಸಿಗೆ ಎಂದರೆ ನಮಗೆ ಕೆಲಸದ ಸುಗ್ಗಿ, ಒಲೆ ಆರಿಸುವಂತಿಲ್ಲ. ಬಾಣಂತನ ಅವಳ ಅತ್ತೆ ನೋಡಿಕೊಳ್ಳುವುದು, ದೊಡ್ಡ ಮಗಳು ಸಿಂಚುವನ್ನು ನಾನು ಕರೆದುಕೊಂಡು ಹೋಗುವುದು ಎಂದು ತೀರ್ಮಾನವಾಯಿತು. ನಮಗೆ ಮಕ್ಕಳಾಗಲಿಲ್ಲ, ಆ ಮಾತು ಇಲ್ಲಿಗೆ ಸಾಕು. ಆರು ವರ್ಷದ ಹುಡುಗಿ ಎರಡು ತಿಂಗಳು ಮನೆಯಲ್ಲಿ ಇರುತ್ತಾಳೆ ಎಂದರೆ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ರೇಣು ತುಂಬಿದ ಹೊಟ್ಟೆ ಹೊತ್ತು ನಿಂತು ಒಂದೇ ಒಂದು ಮಾತು ಹೇಳಿದಳು. "ಅಕ್ಕಾ, ಒಲೆ ಹತ್ರ ಬಿಡಬ್ಯಾಡ. ಅಷ್ಟೇ."

"ನನ್ನ ಕಣ್ಣು ತಪ್ಪಿಸಿ ಇರುವೆ ಸೈತ ಒಲೆ ಹತ್ರ ಹೋಗಂಗಿಲ್ಲ, ಹೋಗು" ಎಂದೆ.

ಮಾತು ಉಳಿಸಿಕೊಂಡೆ. ಭಟ್ಟಿಯ ಬಾಗಿಲಿಗೆ ಸುಣ್ಣದಲ್ಲಿ ಗೆರೆ ಎಳೆದೆ, ದಾಟಿದರೆ ಕಾಲು ಮುರಿಯುತ್ತೇನೆ ಎಂದೆ. ಹುಡುಗಿ ದಿನವಿಡೀ ಏನು ಮಾಡಬೇಕು? ಒಲೆಯಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದೆಂದು ನಾನೇ ಅವಳಿಗೆ ಕಣ ಕಾಯುವ ಕೆಲಸ ಕೊಟ್ಟೆ. ಉದ್ದನೆಯ ಕೋಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಟ್ಟೆ. ಒಣಗಲು ಹರವಿದ ಭತ್ತಕ್ಕೆ ಕಾಗೆ, ಪಾರಿವಾಳ ಬಂದರೆ ಅದನ್ನು ಬೀಸಿ ಓಡಿಸಬೇಕು. ಕಣದ ಮೂಲೆಯಲ್ಲಿ ನಾಲ್ಕು ಕಂಬದ ಮೇಲೆ ಒಂದು ತಗಡು ಹೊದಿಸಿತ್ತು, ಅದರ ಕೆಳಗೆ ಕೂರಬೇಕು. ನೆರಳಿದೆಯಲ್ಲ ಎಂದುಕೊಂಡೆ. ಆ ತಗಡಿನ ಕೆಳಗೆ ಒಂದು ಮಧ್ಯಾಹ್ನ ನಾನು ಕೂತು ನೋಡಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವಳ ಜೊತೆಗೆ ಟೈಗರ್. ನಮ್ಮ ನಾಯಿ. ಹೆಸರು ಇಟ್ಟವರು ಯಾರೋ, ಕಾಗೆ ಎದುರು ನಿಂತು ಕೂಗಿದರೆ ಬಾಲ ಮುದುರುವ ಜಾತಿ. ಆದರೆ ಬೊಗಳುವುದರಲ್ಲಿ ಹಿಂದೆ ಬೀಳುತ್ತಿರಲಿಲ್ಲ. ಒಂದು ದಿನ ಯಾರದೋ ಮೇಕೆಯನ್ನು ಅಟ್ಟಿಸಿಕೊಂಡು ಹರವಿದ ಭತ್ತದ ನಡುವೆಯೇ ಓಡಿ ಎಲ್ಲ ಚೆಲ್ಲಾಪಿಲ್ಲಿ ಮಾಡಿದ ಮೇಲೆ ಮಾವ ಅವನನ್ನು ಕಣದ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದರು. "ಅಲ್ಲೇ ಕುಂತು ಬೊಗಳಲಿ ಮಗ" ಎಂದರು.

ಮೊದಲ ವಾರಗಳು ಎಷ್ಟು ಚೆನ್ನಾಗಿದ್ದವು! ಸಿಂಚು ಕೋಲು ಬೀಸಿ "ಹೋಯ್" ಎಂದರೆ ಟೈಗರ್ "ಬೌ" ಎನ್ನುವುದು, ಕಾಗೆಗಳು ಎದ್ದು ಎದುರು ಮನೆಯ ಗೋಡೆಯ ಮೇಲೆ ಕೂರುವುದು, ಇವರಿಬ್ಬರೂ ಗೆದ್ದವರಂತೆ ಬೀಗುವುದು. ಒಲೆಯ ಮುಂದೆ ಕೂತ ನನಗೆ ಆ ಎರಡು ದನಿ ಕೇಳುತ್ತಿದ್ದರೆ ಸಾಕಿತ್ತು, ಮಗು ಕ್ಷೇಮ ಎಂದು ಕೈ ತಾನಾಗಿ ಓಡುತ್ತಿತ್ತು. ಸಂಜೆ ಬಿಸಿ ಮಂಡಕ್ಕಿಗೆ ಈರುಳ್ಳಿ ಹಾಕಿ ಕಲಸಿ ಕೊಟ್ಟರೆ ಹುಡುಗಿ ಒಂದು ಹಿಡಿ ತಾನು ತಿಂದು ಒಂದು ಹಿಡಿ ನಾಯಿಗೆ ಹಾಕುವಳು. ನಡುವೆ ರೇಣುಗೆ ಗಂಡು ಮಗು ಆಯಿತು. ಸಿಂಚು ಆ ಸುದ್ದಿಯನ್ನು ಮೊದಲು ಹೇಳಿದ್ದು ಟೈಗರ್‌ನ ಕಿವಿಯಲ್ಲಿ.

ಮೇ ತಿಂಗಳು ಬಂತು. ಬಿಸಿಲು ಬೇರೆಯೇ ಆಯಿತು. ಕೊಳಾಯಿ ನೀರು ಬೆಳಿಗ್ಗೆ ಹತ್ತಕ್ಕೆ ಕೈ ಸುಡುತ್ತಿತ್ತು. ಗಾಳಿ ನಿಂತೇಹೋಗಿತ್ತು. ಒಂದು ದಿನ ಟೈಗರ್ ತನಗೆ ಹಾಕಿದ ಮುದ್ದೆ ಮುಟ್ಟಲಿಲ್ಲ. ನಾಲಿಗೆ ಒಂದು ಗೇಣು ಹೊರಗೆ ಚಾಚಿ ಏದುಸಿರು ಬಿಡುತ್ತಿದ್ದ, ಬಾಯಿಂದ ಅಂಟುಅಂಟಾಗಿ ಜೊಲ್ಲು ಇಳಿಯುತ್ತಿತ್ತು. ಏನೋ ಹಾಳುಮೂಳು ತಿಂದಿರಬೇಕು ಎಂದೆ ನಾನು. ಸೋಮಾರಿ ಆಗೈತೆ ಎಂದರು ಮಾವ. ಸಿಂಚು ಮಾತ್ರ, "ದೊಡ್ಡಮ್ಮ, ಅವ್ನ ಸರಪಳಿ ಸುಡ್ತೈತೆ, ಮುಟ್ಟಿ ನೋಡು" ಎಂದಳು. ಕೈಯಲ್ಲಿ ಕೆಲಸವಿತ್ತು. ಸಂಜೆ ನೋಡೋಣ ಎಂದೆ. ಸಂಜೆ ಮರೆತೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಮಾರನೆಯ ದಿನ ನಮ್ಮ ಮನೆಯವರು ಮಂಡಕ್ಕಿ ಚೀಲ ಹೇರಿಕೊಂಡು ಆನಗೋಡಿನ ಅಂಗಡಿಗಳಿಗೆ ಹೋಗಿದ್ದರು. ನಾನು, ಮಾವ, ನಮ್ಮಲ್ಲಿ ಕಾದ ಮರಳಿನಲ್ಲಿ ಮಂಡಕ್ಕಿ ಹುರಿಯುವ ಹಸೀನಾಬಿ ಮೂವರೇ ಒಲೆಯ ಮುಂದೆ. ಊಟದ ಹೊತ್ತು ಮೀರಿತ್ತು. ಇನ್ನೊಂದು ಸುತ್ತು ಮುಗಿಸಿ ಮಗುವನ್ನು ಊಟಕ್ಕೆ ಕರೆಯೋಣ ಎಂದುಕೊಳ್ಳುತ್ತಿದ್ದೆ. ಯಾಕೋ ಕೈ ನಿಂತಿತು. ಏನೋ ಕೇಳಿಸುತ್ತಿಲ್ಲ. "ಹೋಯ್" ಇಲ್ಲ, "ಬೌ" ಇಲ್ಲ. ಕಾಗೆಗಳ ಸದ್ದು ಮಾತ್ರ, ಅದೂ ಹೆದರಿದ ಸದ್ದಲ್ಲ, ಊಟಕ್ಕೆ ಕೂತವರ ಕಚಪಚ.

ಹೊರಗೆ ಬಂದೆ. ಕಣದ ತುಂಬ ಕಾಗೆ. ತಗಡಿನ ಕೆಳಗೆ ಯಾರೂ ಇಲ್ಲ. ಟೈಗರ್ ಸರಪಳಿಯನ್ನು ಕಂಬಕ್ಕೆ ಸುತ್ತಿಕೊಂಡು ಸುತ್ತಿಕೊಂಡು ಮೊಳದುದ್ದ ಮಾಡಿಕೊಂಡು, ನೆರಳಿಗೂ ಹೋಗಲಾರದೆ ನೀರಿನ ಬೋಗುಣಿಗೂ ಎಟುಕದೆ ಕಾದ ಸಿಮೆಂಟಿನ ಮೇಲೆ ಅಡ್ಡ ಬಿದ್ದಿದ್ದ. ಅವನ ಪಕ್ಕದಲ್ಲಿ, ನೆತ್ತಿಯ ಮೇಲಿನ ಬಿಸಿಲಿನಲ್ಲಿ, ಸಿಂಚು ಕೂತಿದ್ದಳು. ಎರಡೂ ಕೈಯಲ್ಲಿ ಒಂದು ಮೊರ ಹಿಡಿದು ನಾಯಿಯ ತಲೆಯ ಮೇಲೆ ನೆರಳು ಮಾಡಿದ್ದಳು. ಅವಳ ನೀರಿನ ಬಾಟಲಿ ಮುಚ್ಚಳ ತೆಗೆದು ನಾಯಿಯ ಬಾಯಿಯ ಹತ್ತಿರ ಬಿದ್ದಿತ್ತು, ಖಾಲಿ.

"ಸಿಂಚೂ" ಎಂದೆ. ತಿರುಗಿ ನೋಡಿದಳು, ಆದರೆ ನನ್ನನ್ನು ನೋಡಲಿಲ್ಲ. "ಅವ್ವಾ, ಬಸ್ಸು ಬಂತು" ಎಂದಳು. ಮೊರ ಕೈಜಾರಿತು. ಎತ್ತಿಕೊಂಡರೆ ಮೈ ಒಲೆಯ ಮೇಲಿನ ಹೆಂಚು, ಒಂದು ಹನಿ ಬೆವರಿಲ್ಲ.

ಒಳಗೆ ಓಡಿ ತಂದು ಮಲಗಿಸಿದೆ. ಮಾವ ಹಣೆ ಮುಟ್ಟಿ ಹೌಹಾರಿದರು. "ಜ್ವರ ಏರೈತೆ! ಕಂಬಳಿ ಹೊದಿಸವ್ವಾ ಗಂಗಮ್ಮ, ಬೆವ್ರು ಇಳಿದ್ರೆ ಸರಿ ಹೋಗ್ತೈತೆ. ಉಪ್ಪು ಮೆಣಸಿನಕಾಯಿ ತಗಂಬಾ, ದೃಷ್ಟಿ ತೆಗೀತೀನಿ." ನಾನು ಕಂಬಳಿ ತಂದೆ. ಹೌದು, ತಂದೆ. ಜ್ವರಕ್ಕೆ ಕಂಬಳಿ ಹೊದಿಸುವುದು ನಾನು ಹುಟ್ಟಿದಾಗಿನಿಂದ ಕಂಡದ್ದು. ಬಿಡಿಸಿ ಮಗುವಿನ ಮೇಲೆ ಹಾಕುವುದೊಂದು ಬಾಕಿ.

ಹಸೀನಾಬಿ ಬಂದು ಕಂಬಳಿ ಕಿತ್ತೆಸೆದಳು. "ಗಂಗಕ್ಕಾ, ಹುಚ್ಚಾ ನಿಂಗೆ? ಇದು ಜ್ವರ ಅಲ್ಲ, ಬಿಸ್ಲು ಬಡಿದೈತೆ! ನಮ್ಮ ಮನೆಯೋರಿಗೆ ಹೋದ್ ವರ್ಷ ಹಿಂಗೇ ಆಗಿತ್ತು, ಲಾರಿ ಮೇಲೆ ಲೋಡ್ ಮಾಡೋವಾಗ. ಮುಚ್ಚಬ್ಯಾಡ್ರಿ! ನೀರು ಹಾಕ್ರಿ, ಗಾಳಿ ಹಾಕ್ರಿ!"

ಭತ್ತ ನೆನೆಸುವ ತೊಟ್ಟಿ ಅಲ್ಲೇ ಇತ್ತು, ಆಗಷ್ಟೇ ಹೊಸ ನೀರು ತುಂಬಿಸಿದ್ದೆವು. ಹಸೀನಾಬಿ ನಾಲ್ಕು ಗೋಣಿಚೀಲ ತೊಟ್ಟಿಗೆ ಅದ್ದಿ ಗಾಳಿಯಾಡುವ ಬಾಗಿಲಲ್ಲಿ ಹಾಸಿದಳು. ಮಗುವಿನ ಅಂಗಿ ಬಿಚ್ಚಿ ಅದರ ಮೇಲೆ ಮಲಗಿಸಿ ತಂಬಿಗೆಯಿಂದ ನೀರು ಸುರಿದೆವು. ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟಳು. ನಾನು ಬಾಯಿಗೆ ನೀರು ಹಾಕಲು ಹೋದರೆ ಕೈ ಹಿಡಿದಳು. "ಪೂರಾ ಎಚ್ರ ಇಲ್ಲ ಅಕ್ಕಾ, ನೆತ್ತಿಗೆ ಹತ್ತುತ್ತೆ. ಮೈಗೆ ಹಾಕು." ಇಷ್ಟು ಹೊತ್ತು ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದವಳು ಆ ಹತ್ತು ನಿಮಿಷ ನಮ್ಮಿಬ್ಬರನ್ನೂ ಆಳಿದಳು. ಮಾವ ಅವಳು ಹೇಳಿದಂತೆ ಮೊರ ಹಿಡಿದು ಬೀಸುತ್ತಿದ್ದರು.

ಆಟೋ ಬಂತು. ಮಗುವನ್ನು ಎತ್ತಿಕೊಂಡು ಹತ್ತುವಾಗ ನನಗೆ ಟೈಗರ್ ನೆನಪಾದ. "ಮಾವ, ನಾಯಿ..." ಎಂದೆ. "ನೀ ಹೋಗವ್ವಾ. ನಾಯಿ ನಾ ನೋಡ್ಕಂತೀನಿ" ಎಂದರು. ಆ ನಾಯಿಯನ್ನು ಅವರು ಅದುವರೆಗೆ ಒಂದು ಸಲವೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಹಸೀನಾಬಿ ಬಿಂದಿಗೆ ನೀರು ಇಟ್ಟುಕೊಂಡು ಜೊತೆಗೆ ಬಂದಳು. ದಾರಿಯುದ್ದಕ್ಕೂ ಬಟ್ಟೆ ನೆನೆಸಿ ನೆನೆಸಿ ಮಗುವಿನ ಮೈಗೆ ಹಾಕಿದೆವು. ಆಟೋದ ಸೀಟೆಲ್ಲ ತೊಪ್ಪೆ. ನಾನು ಸೀಟು ಒರೆಸಲು ಹೋದರೆ ಡ್ರೈವರ್, "ಸೀಟು ಒಣಗ್ತೈತೆ ಬಿಡಮ್ಮಾ, ನೀವು ಹಾಕ್ರಿ ನೀರು" ಎಂದು ಗದರಿದ. ಆ ಮನುಷ್ಯನ ಮುಖ ನನಗೆ ನೆನಪಿಲ್ಲ, ದನಿ ಮಾತ್ರ ಈಗಲೂ ಕಿವಿಯಲ್ಲಿದೆ. ರೇಣುಗೆ ಏನು ಹೇಳಲಿ, ಹೆತ್ತು ಹನ್ನೆರಡು ದಿನದ ಬಾಣಂತಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಒಲೆಯ ಹತ್ತಿರ ಬಿಡಲಿಲ್ಲ ಕಣೇ ಎನ್ನಲೇ?

ಆಸ್ಪತ್ರೆಯಲ್ಲಿ ಒಳಗೆ ಕರೆದುಕೊಂಡು ಹೋದರು, ಸಲೈನ್ ಹಾಕಿದರು. ನಾವಿಬ್ಬರು ಹೊರಗೆ ಬೆಂಚಿನ ಮೇಲೆ ಕೂತೆವು. ಎಷ್ಟು ಹೊತ್ತೋ ತಿಳಿಯದು. ಡಾಕ್ಟರಮ್ಮ ಹೊರಗೆ ಬಂದು, "ಭಯ ಇಲ್ಲ, ಮೈ ಕಾವು ಇಳಿದಿದೆ, ಮಾತಾಡ್ತಿದಾಳೆ. ಮೈ ತಣ್ಣಗೆ ಮಾಡ್ತಾನೇ ಕರ್ಕೊಂಡು ಬಂದ್ರಲ್ಲ, ಅದೇ ಉಳಿಸಿದ್ದು. ಕಂಬಳಿ ಹೊದಿಸಿಕೊಂಡು ಬರೋರನ್ನ ನೋಡಿ ನೋಡಿ ಸಾಕಾಗಿದೆ" ಎಂದರು. ಹಸೀನಾಬಿ ನನ್ನ ಕಡೆ ನೋಡಲಿಲ್ಲ, ದೇವರಂಥವಳು. ನಾನು ಅವಳ ಭುಜಕ್ಕೆ ತಲೆ ಇಟ್ಟು ಗೊಳೋ ಎಂದು ಅತ್ತುಬಿಟ್ಟೆ.

ಒಳಗೆ ಹೋದರೆ ಮಗು ಕಣ್ಣು ಬಿಟ್ಟು ಮಲಗಿತ್ತು. ನನ್ನನ್ನು ನೋಡಿತು, ಈ ಸಲ ನನ್ನನ್ನೇ. "ದೊಡ್ಡಮ್ಮ, ಟೈಗರ್ ನೀರು ಕುಡೀತಾ?"

ನನಗೆ ಗೊತ್ತಿರಲಿಲ್ಲ. ಕುಡಿಯಿತು ಎಂದೆ. ಮಾವನಿಗೆ ಫೋನ್ ಇರಲಿಲ್ಲ. ನಮ್ಮ ಮನೆಯವರು ಆನಗೋಡಿನಿಂದ ಸೀದಾ ಆಸ್ಪತ್ರೆಗೇ ಬಂದಿದ್ದರು. ನಾಯಿ ಬದುಕಿದೆಯೋ ಇಲ್ಲವೋ ತಿಳಿಯದೆ, ಮಗುವಿನ ಮುಖ ನೋಡುತ್ತ, ಇನ್ನೊಂದು ಸಲ ಕೇಳದಿರಲಿ ಎಂದು ಬೇಡಿಕೊಳ್ಳುತ್ತ ಕೂತೆ. ಅವಳು ಇನ್ನೂ ನಾಲ್ಕು ಸಲ ಕೇಳಿದಳು.

ಸಂಜೆ ಬಟ್ಟೆ ತರಲು ಮನೆಗೆ ಬಂದೆ. ಒಲೆ ಆರಿತ್ತು. ಆ ಮನೆಗೆ ಬಂದಾಗಿನಿಂದ ಹಗಲು ಹೊತ್ತು ಒಲೆ ಆರಿದ್ದನ್ನು ನಾನು ಕಂಡದ್ದು ಅದೇ ಮೊದಲು. ತೊಟ್ಟಿಯ ಪಕ್ಕದಲ್ಲಿ ಒದ್ದೆ ಗೋಣಿ ಹಾಸಿ ಟೈಗರ್‌ನನ್ನು ಮಲಗಿಸಿ, ಮಾವ ಅವನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಪಂಚೆಯೆಲ್ಲ ನೆನೆದಿತ್ತು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಮೊರ. ನಾಯಿಯ ಹೊಟ್ಟೆಗೆ, ಪಾದಕ್ಕೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು ಗಾಳಿ ಬೀಸುತ್ತಿದ್ದರು. ಮಧ್ಯಾಹ್ನದಿಂದ ಅವರು ಎದ್ದೇ ಇರಲಿಲ್ಲ, ಊಟವನ್ನೂ ಮಾಡಿರಲಿಲ್ಲ.

"ಮಗು ಆರಾಮ್ ಐತೆ ಮಾವ" ಎಂದೆ.

ಅವರು ಮೊರ ಬೀಸುತ್ತಲೇ ಇದ್ದರು. "ಇವ್ನೂ ಈಗ ನೀರು ನೆಕ್ಕಿದ" ಎಂದರು. ಟೈಗರ್ ತಲೆ ಎತ್ತಲಾರದೆ ಬಾಲವನ್ನು ಒಂದೇ ಒಂದು ಸಲ ಗೋಣಿಗೆ ಬಡಿದ. ನಾನು ಬಟ್ಟೆ ತೆಗೆದುಕೊಳ್ಳುವುದನ್ನೂ ಮರೆತು ಆಸ್ಪತ್ರೆಗೆ ಓಡಿದೆ. ಈಗ ಧೈರ್ಯವಾಗಿ ಹೇಳಬಹುದಿತ್ತು. "ಕುಡೀತು ಕಣೇ, ಕುಡೀತು!"

ಮಾರನೆಯ ದಿನ ಮಾವ ನಾಯಿಯನ್ನು ಲಗೇಜ್ ಆಟೋದಲ್ಲಿ ಮಂಡಕ್ಕಿ ಚೀಲದ ಮೇಲೆ ಮಲಗಿಸಿಕೊಂಡು ದನದ ಆಸ್ಪತ್ರೆಗೆ ಹೋದರು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈಯ ಕಾವು ಕಳೆಯಬೇಕು ಎಂದು ಅಲ್ಲಿ ಹೇಳಿದರಂತೆ. ಮನೆಗೆ ಬಂದು ಆ ವಿಷಯವನ್ನು ತಾವೇ ಕಂಡುಹಿಡಿದವರ ಹಾಗೆ ಓಣಿಗೆಲ್ಲ ಹೇಳಿದರು.

ಎಲ್ಲ ಸರಿಹೋಯಿತಲ್ಲ, ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯದ ಹಾಗೆ ಮಾಡಿದ್ದು ನಾನೇ. ರೇಣು ದಿನವೂ ಫೋನ್ ಮಾಡುತ್ತಿದ್ದಳು. ಮೂರು ದಿನ ನಾನು, "ಆರಾಮ್ ಅದಾಳೆ, ಆಡಾಕೆ ಹೋಗ್ಯಾಳೆ" ಎಂದೆ. ಬಾಣಂತಿ ಗಾಬರಿಯಾದರೆ ನಂಜಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಬೇರೆ. ತಂಗಿ ನನ್ನನ್ನು ಏನೆಂದುಕೊಳ್ಳುತ್ತಾಳೋ ಎಂಬ ಹೆದರಿಕೆ. "ಅವ್ವಂಗೆ ಹೇಳಬ್ಯಾಡ" ಎಂದು ಮಗುವಿಗೂ ಹೇಳಿಕೊಟ್ಟೆ. ನಾಲ್ಕನೆಯ ದಿನ ಫೋನ್ ಅವಳ ಕೈಗೆ ಸಿಕ್ಕಿತು. ಹುಡುಗಿ ಎಲ್ಲಿ ಸುಮ್ಮನಿರುತ್ತಾಳೆ?

"ಅವ್ವಾ, ನಂಗೂ ಟೈಗರ್‌ಗೂ ಬಿಸ್ಲು ಬಡೀತು! ನಂಗೆ ಸಲೈನ್ ಹಾಕಿದ್ರು, ಅವ್ನಿಗೆ ಹಾಕ್ಲಿಲ್ಲ!"

ನಾನು ಫೋನ್ ತೆಗೆದುಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ. ರೇಣು ದನಿ ಏರಿಸಲಿಲ್ಲ. "ಬಿಸ್ಲು ಬಡಿದಿದ್ದಕ್ಕೆ ನಿನ್ನ ಬೈಯಲ್ಲ ಅಕ್ಕಾ. ನನ್ ಕಣ್ಣೆದ್ರಿಗೇ ಆಗಬಹುದಿತ್ತು. ಆದ್ರೆ ಮೂರು ದಿನ ಆರಾಮ್ ಅದಾಳೆ ಅಂದ್ಯಲ್ಲ. ಇನ್ ಮ್ಯಾಲೆ ನೀನು ಆರಾಮ್ ಅಂದಾಗ ನಾನು ಏನಂತ ತಿಳ್ಕೊಳ್ಲಿ?" ಅವಳ ಗಂಡ ಮಗುವನ್ನು ಕರೆದುಕೊಂಡು ಹೋಗಲು ಬಂದದ್ದು ಮಾರನೆಯ ದಿನ ಸಂಜೆ. ಅಲ್ಲಿಯವರೆಗೆ ಗಂಟೆಗೊಂದು ಫೋನ್. ನಾನು ಎತ್ತಿದರೆ ಒಂದೇ ಮಾತು, "ಸಿಂಚುಗೆ ಕೊಡು."

ಆ ಬೇಸಿಗೆ ಮುಗಿಯುವುದರೊಳಗೆ ಮಾವ ತಗಡು ಕಿತ್ತುಹಾಕಿ ಕಣದ ಮೂಲೆಯಲ್ಲಿ ತೆಂಗಿನ ಗರಿಯ ದಪ್ಪ ಚಪ್ಪರ ಹಾಕಿಸಿದರು. ಸರಪಳಿಯನ್ನು ಗುಜರಿಯವನಿಗೆ ಕೊಟ್ಟರು. ಹನ್ನೊಂದರಿಂದ ನಾಲ್ಕರವರೆಗೆ ಕಣಕ್ಕೆ ಯಾರೂ ಇಳಿಯುವಂತಿಲ್ಲ, ಕಾಗೆ ತಿಂದರೆ ತಿನ್ನಲಿ ಎಂದು ಕಟ್ಟಪ್ಪಣೆಯಾಯಿತು. "ಚಪ್ಪರ ಯಾಕ್ರೀ ಮಾವ, ನಾವು ಭಟ್ಟಿ ಮಂದಿ ಅಲ್ಲೇನು?" ಎಂದು ನಾನು ಕೆಣಕಿದರೆ, "ಅದು ನಾಯಿಗೆ ಮಾಡ್ಸಿದ್ದು" ಎಂದರು. ಹಾಗೆಂದವರು ಅದರ ಕೆಳಗೆ ಹೋಗಿ ಟವೆಲ್ ಹಾಸಿಕೊಂಡು ಮಲಗಿದರು. ಪಕ್ಕದಲ್ಲಿ ಟೈಗರ್. ಸಿಂಚು ಕೂರಬೇಕಾದ ಜಾಗ ಖಾಲಿ.

ರೇಣು ಜಗಳವಾಡಿ ದೂರ ಆದವಳಲ್ಲ. ಪಂಚಮಿಗೆ ಉಂಡಿ ಕಟ್ಟಿಕೊಂಡು ಬರುವಳು, ದೀಪಾವಳಿಗೂ ಬರುವಳು. ಆದರೆ ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹೊರಡುವಳು. ಬೇಸಿಗೆಯಲ್ಲಿ ಬರಲಿಲ್ಲ. ಮಕ್ಕಳನ್ನು ಬಿಟ್ಟು ಹೋಗಲಿಲ್ಲ. ಇರಿ ಎನ್ನಲು ನನಗೂ ಬಾಯಿ ಬರಲಿಲ್ಲ. ಐದು ಬೇಸಿಗೆ ಹೀಗೇ ಹೋದವು. ಆ ವರ್ಷಗಳಲ್ಲಿ ನಾನೊಂದು ರೂಢಿ ಮಾಡಿಕೊಂಡೆ. ಅವಳು ಫೋನ್ ಮಾಡಿ ಹೇಗಿದ್ದೀರಿ ಎಂದರೆ ಇದ್ದದ್ದನ್ನು ಇದ್ದ ಹಾಗೇ ಹೇಳುವುದು. ಹಲ್ಲುನೋವು, ಮಾವನ ಕಣ್ಣಿನ ಪೊರೆ, ಹಾಲು ಉಕ್ಕಿದ್ದು, ಎಲ್ಲ. ಒಮ್ಮೊಮ್ಮೆ ಅವಳೇ "ಸಾಕು ಮಾರಾಯ್ತಿ" ಎನ್ನುತ್ತಿದ್ದಳು.

ಈ ಏಪ್ರಿಲ್‌ನಲ್ಲಿ ಅವಳೇ ಫೋನ್ ಮಾಡಿದಳು. ಆ ಬೇಸಿಗೆಯಲ್ಲಿ ಹುಟ್ಟಿದ ಮಗ ಪ್ರೀತುಗೆ ಈಗ ಆರು ವರ್ಷ. "ರಜಾ ಬಿಟ್ಟೈತೆ. ಮಂಡಕ್ಕಿ ಹೆಂಗ್ ಆಗ್ತೈತೆ ನೋಡ್ಬೇಕು ಅಂತಾನೆ. ಇಬ್ರನ್ನೂ ಕಳಿಸ್ಲಾ?"

ಕಳಿಸು ಎಂದು ಕೂಗಬೇಕೆನಿಸಿತು. ಬದಲಿಗೆ ಹೇಳಿದೆ. "ಈ ವರ್ಷನೂ ಬಿಸ್ಲು ಬಾಳ ಐತೆ ರೇಣು. ಹೋದ್ ವಾರ ಹಸೀನಾಬಿಗೆ ತಲೆ ಸುತ್ತು ಬಂದು ಒಂದು ದಿನ ರಜಾ ಹಾಕಿದ್ಲು. ಟೈಗರ್‌ಗೆ ವಯಸ್ಸಾಗೈತೆ, ಎರಡು ದಿನದಿಂದ ಊಟ ಕಮ್ಮಿ. ಮಧ್ಯಾಹ್ನ ಕರೆಂಟು ಹೋಗ್ತೈತೆ. ಚಪ್ಪರದ ಗರಿ ಹೊಸಾದು ಹಾಕ್ಸಿವಿ. ಎಲ್ಲಾ ಹೇಳೀನಿ, ಯೋಚ್ನೆ ಮಾಡು."

ಆ ಕಡೆಯಿಂದ ನಗು ಕೇಳಿತು. "ಎಲ್ಲಾ ಹೇಳಿಬಿಟ್ಯಲ್ಲ ಅಕ್ಕಾ. ಬಾ, ಕರ್ಕಂಡ್ ಹೋಗು."

ಹಾಗೆ ಹೋದವಳು ನಾನು, ಹೋದ ವಾರ. ಊಟ ಆದಮೇಲೆ ಎರಡರ ಬಸ್ಸಿಗೆ ಹೊರಡುತ್ತೇನೆ ಎಂದರೆ ಅಮ್ಮ ಮಗಳಿಬ್ಬರೂ ಬಿಡಲಿಲ್ಲ. "ಈ ಬಿಸ್ಲಾಗೆ ಎಲ್ಲಿಗ್ ಹೊಂಟಿ? ಭಟ್ಟಿಯವ್ರಿಗೆ ಇನ್ನೂ ಬುದ್ಧಿ ಬಂದಿಲ್ಲೇನು?" ಎಂದಳು ರೇಣು. ಒದ್ದೆ ಗೋಣಿಯ ಗಾಳಿಗೆ ಮೈಚಾಚಿ ಐದರವರೆಗೆ ಮಲಗಿದೆ. ಹೊರಡುವಾಗ ರೇಣು ಬಟ್ಟೆಯ ಚೀಲ ಕೊಟ್ಟಳು. ಪ್ರೀತುಗೆ ಒಂದು ನೀರಿನ ಬಾಟಲಿ, ಸಿಂಚುಗೆ ಎರಡು. ಎರಡು ಯಾಕೆ ಎಂದೆ. "ಒಂದು ಟೈಗರ್‌ದು. ಅವತ್ತು ಒಂದೇ ಇತ್ತು" ಎಂದಳು ಸಿಂಚು, ದಿನಸಿ ಲೆಕ್ಕ ಹೇಳುವಷ್ಟು ಸಲೀಸಾಗಿ. ರೇಣು ಒಲೆಯ ಮಾತಾಗಲಿ ಬಿಸಿಲಿನ ಮಾತಾಗಲಿ ಎತ್ತಲಿಲ್ಲ. ಮಗನ ಕೈಯನ್ನು ನನ್ನ ಕೈಗೆ ಕೊಟ್ಟಳು.

ದಾವಣಗೆರೆಯಲ್ಲಿ ಇಳಿದಾಗ ಸಂಜೆಯ ತಂಗಾಳಿ ಬೀಸುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಸೀರೆ ತೊಳೆದುಕೊಳ್ಳುತ್ತಿದ್ದೆ, ಫೋನ್ ಬಂತು.

"ಇಳಿದ್ರಾ ಅಕ್ಕಾ?"

"ಇಳಿದ್ವಿ. ಪ್ರೀತು ಬಸ್ಸಿನಾಗೆ ಒಂದು ಸಲ ವಾಂತಿ ಮಾಡ್ಕಂಡ, ನನ್ ಸೀರೆ ಮ್ಯಾಲೆ. ಮೈ ಮುಟ್ಟಿ ನೋಡ್ದೆ, ತಣ್ಣಗೈತೆ. ಈಗ ಐಸ್ ಕ್ಯಾಂಡಿ ಬೇಕು ಅಂತ ಹಟ. ಸಿಂಚು ಚಪ್ಪಲಿ ಕಿತ್ತೈತೆ. ಅಷ್ಟೇ. ಆರಾಮ್ ಅದಾರೆ."

ನಾನು ಫೋನನ್ನು ಸಿಂಚುವಿನ ಕಡೆ ಚಾಚಲು ಕೈ ಮುಂದೆ ಮಾಡಿದ್ದೆ.

"ಸರಿ ಅಕ್ಕಾ, ನಾಳೆ ಮಾಡ್ತೀನಿ" ಎಂದು ರೇಣು ಫೋನ್ ಇಟ್ಟಳು. ಸಿಂಚುಗೆ ಕೊಡು ಎನ್ನಲಿಲ್ಲ.